ಬಣ್ಣ ನೋಡಲು ಬಾರ್ಬಡೋಸಿಗೆ

ನಮ್ಮ ಮಗ್ಗದ ಕೋಣೆಯ ಗೋಡೆಗೆ ನಾಲ್ಕು ವರ್ಷ ಹಳೆಯ ಕ್ಯಾಲೆಂಡರ್ ಒಂದು ಇನ್ನೂ ತೂಗುತ್ತಿದೆ. ನೂಲು ಮಾರುವವರು ಯಾರೋ ದೀಪಾವಳಿಗೆ ಕೊಟ್ಟು ಹೋದದ್ದು. ವರ್ಷ ಮುಗಿದ ಮೇಲೂ ನನ್ನ ನೆಗೆಣ್ಣಿ ಅದನ್ನು ಇಳಿಸಲು ಬಿಡಲಿಲ್ಲ. ಅದರ ಕೊನೆಯ ಹಾಳೆಯಲ್ಲಿ ಒಂದು ಸಮುದ್ರವಿದೆ. ದಂಡೆಯ ಹತ್ತಿರ ಹಾಲು ಬೆರೆಸಿದ ಹಾಗೆ ತಿಳಿಹಸಿರು, ಸ್ವಲ್ಪ ಮುಂದೆ ಹೆಸರಿಡಲಾಗದ ಒಂದು ಬಣ್ಣ, ಅದರಾಚೆ ನೀಲಿ. ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ದ್ವೀಪದ ಹೆಸರು.

ಬನಹಟ್ಟಿಯ ಈ ಮನೆಗೆ ನಾನು ಹಿರಿಯ ಸೊಸೆ, ಅವಳು ಕಿರಿಯ ಸೊಸೆ. ಮಗ್ಗಗಳನ್ನು ನಮ್ಮ ಗಂಡಂದಿರು, ಅಣ್ಣತಮ್ಮಂದಿರಿಬ್ಬರೂ ಕೂಡಿ ನಡೆಸುತ್ತಾರೆ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ಹೋದ ವರ್ಷ ನಿವೃತ್ತಳಾದೆ. ಅವಳು ಓದಿದ್ದು ಏಳನೆಯವರೆಗೆ. ಆದರೆ ನಮ್ಮ ಸೀರೆಗಳ ಬಣ್ಣವೆಲ್ಲ ಅವಳದೇ ಆಯ್ಕೆ. ಯಾವ ಒಡಲಿಗೆ ಯಾವ ದಡಿ ಹೊಂದುತ್ತದೆ ಎಂದು ಅವಳು ನೂಲಿನ ಎರಡು ಎಳೆಗಳನ್ನು ಬೆರಳಿಗೆ ಸುತ್ತಿಕೊಂಡು, ಬಾಗಿಲ ಬೆಳಕಿಗೆ ಹಿಡಿದು ನೋಡಿ ಹೇಳುತ್ತಾಳೆ. ಅಂಗಡಿಯವರು ಅವಳ ಮಾತಿಗೆ ಕಾಯುತ್ತಾರೆ.

ಆ ಹೆಸರಿಡಲಾಗದ ಬಣ್ಣದ ಸೀರೆ ನೇಯಬೇಕೆಂದು ಅವಳಿಗೆ ಹಟ ಹುಟ್ಟಿತು. ರಬಕವಿಯಲ್ಲಿ ನೂಲಿಗೆ ಬಣ್ಣ ಹಾಕುವ ಹಿರಿಯರೊಬ್ಬರಿದ್ದಾರೆ. ಅವರ ಬಳಿಗೆ ಕ್ಯಾಲೆಂಡರ್ ಸುತ್ತಿಕೊಂಡು ಹೋದಳು; ನಾನೂ ಜೊತೆಗಿದ್ದೆ. ಅವರು ಮೂರು ಸಲ ಪ್ರಯತ್ನಿಸಿದರು. ಮೊದಲನೆಯದು ಫಿರೋಜಿಯಾಯಿತು, ಎರಡನೆಯದು ಗಿಳಿಹಸಿರು, ಮೂರನೆಯದು ಅವೆರಡರ ನಡುವೆ ಎಲ್ಲೋ ಮಂಕಾಗಿ ನಿಂತಿತು. ಕೊನೆಗೆ ಅವರು ಕೈ ಒರೆಸಿಕೊಂಡು, "ತಂಗಿ, ಇದು ಚಿತ್ರಾ ಅಚ್ಚು ಹಾಕೂ ಛಾಪಖಾನ್ಯಾಗ ಹುಟ್ಟಿದ ಬಣ್ಣ. ನೀರಿಗೆ ಇಂಥಾ ಬಣ್ಣ ಇರೂದಿಲ್ಲ. ಬಿಟ್ಟಬಿಡು" ಎಂದರು.

ದಾರಿಯುದ್ದಕ್ಕೂ ಅವಳು ಕ್ಯಾಲೆಂಡರ್ ಬಿಡಿಸಿ ನೋಡುತ್ತಲೇ ಇದ್ದಳು. ಮನೆಯ ಕಟ್ಟೆ ಹತ್ತುವಾಗ ಕೇಳಿದಳು: "ಯಕ್ಕಾ, ಆ ಊರು ಎಲ್ಲಿ ಐತಿ?"

ಮೂವತ್ತು ವರ್ಷ ನಕಾಶೆಯ ಮುಂದೆ ಕೋಲು ಹಿಡಿದು ನಿಂತವಳು ನಾನು. ಕೆರಿಬಿಯನ್ ಸಮುದ್ರ, ವೆಸ್ಟ್ ಇಂಡೀಸ್ ಎಂದು ಎಷ್ಟು ಸಲ ತೋರಿಸಿದ್ದೇನೋ. ಒಳಗೆ ಹೋಗಿ ಹಳೆಯ ಅಟ್ಲಾಸ್ ತಂದು ನೆಲದ ಮೇಲೆ ಬಿಡಿಸಿದೆ. ದ್ವೀಪಗಳ ಸಾಲಿನಿಂದ ತುಸು ಹೊರಗೆ, ಎಲ್ಲಕ್ಕಿಂತ ಮೂಡಲಿಗೆ ಒಂದು ಚುಕ್ಕೆ. ಅವಳು ಅದರ ಮೇಲೆ ಬೆರಳಿಟ್ಟಳು. ಬೆರಳ ತುದಿಗೆ ಇಡೀ ದೇಶ ಮುಚ್ಚಿಹೋಯಿತು.

"ಹೋಗಿ ನೋಡಿ ಬರೂಣೇನು?" ಎಂದಳು.

ನಾನು ನಕ್ಕೆ. ಅವಳು ನಗಲಿಲ್ಲ. ನಾವಿಬ್ಬರೂ ಈ ಮನೆಗೆ ಬಂದ ಮೇಲೆ ದೇವರಿಗೆ, ಮದುವೆಗೆ, ಮಣ್ಣಿಗೆ ಬಿಟ್ಟು ಇನ್ಯಾವುದಕ್ಕೂ ಊರು ಬಿಟ್ಟವರಲ್ಲ. ಸುಮ್ಮನೆ ನೋಡಲೆಂದು, ರಜೆಯೆಂದು ಎಲ್ಲಿಗೂ ಹೋದದ್ದಿಲ್ಲ. ಸಮುದ್ರವನ್ನಂತೂ ಇಬ್ಬರೂ ಕಂಡಿರಲಿಲ್ಲ. ನನ್ನ ಹತ್ತಿರ ನಿವೃತ್ತಿಯ ಹಣವಿತ್ತು, ಬೇರೆ ಯಾವ ಖರ್ಚೂ ಎದುರಿಗಿರಲಿಲ್ಲ. ಹೋಗಬಾರದೆನ್ನಲು ಕಾರಣ ಹುಡುಕಿದೆ, ಸಿಗಲಿಲ್ಲ.

ಮರುದಿನವೇ ಜಮಖಂಡಿಗೆ ಹೋದೆವು. ಅಲ್ಲಿ ಟಿಕೆಟ್ ಮಾಡಿಕೊಡುವವನೊಬ್ಬನಿದ್ದಾನೆ. ಕಾಶಿ, ರಾಮೇಶ್ವರ, ಅಷ್ಟವಿನಾಯಕ ಎಂದು ಜನರನ್ನು ಬಸ್ಸಿನಲ್ಲಿ ಕಳಿಸುವವ. ನಾನು ದ್ವೀಪದ ಹೆಸರು ಹೇಳಿದೆ.

"ಬಾರ್ಬಡೋಸ್ ಅಂದ್ರ ಗೋವಾದ ಆಚಿ ಕಡಿಗೇನ್ರಿ ಟೀಚರ?"

"ಅಮೇರಿಕಾದ ಹತ್ತಿರ ಐತ್ರಿ."

ಅವನು ಕಂಪ್ಯೂಟರಿನಲ್ಲಿ ತುಂಬ ಹೊತ್ತು ಹುಡುಕಿದ. ದ್ವೀಪಕ್ಕೆ ನಮ್ಮವರಿಗೆ ವೀಸಾ ಬೇಡವೆಂದು ಕಂಡು ಅವನಿಗೇ ಆಶ್ಚರ್ಯವಾಯಿತು. ಆದರೆ ನಡುವೆ ಯುರೋಪಿನಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕು, ಇಳಿಯುವ ಊರು ಯಾವುದೋ ಅದರ ಮೇಲೆ ಬೇರೆ ಕಾಗದ ಬೇಕಾಗಬಹುದು, ಇಬ್ಬರೇ ಹೆಂಗಸರು, ಭಾಷೆ ಬೇರೆ. ಒಂದೊಂದನ್ನೇ ಹೇಳುತ್ತ ಹೋದಂತೆ ನಾನು ಚೀಲವನ್ನು ಮಡಿಲಿಗೆ ಎಳೆದುಕೊಂಡೆ. "ಅದರ ಬದಲಿ ಅಂಡಮಾನ್ ಮಾಡಿಸ್ರಿ. ಅಲ್ಲೂ ಸಮುದ್ರ ಐತಿ, ಭಾಳ ಛಲೋ ಐತಿ" ಎಂದ. ನನಗೆ ಹಗುರವಾದಂತಾಯಿತು. "ಅದೂ ಖರೆ" ಎಂದುಬಿಟ್ಟೆ.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆಗೆ ಮುಖ ಮಾಡಿ ಕೂತಳು. ಹೊರಗೆ ಕಬ್ಬು ಎದೆಯೆತ್ತರ ಬೆಳೆದಿತ್ತು. ಬನಹಟ್ಟಿ ಹತ್ತಿರ ಬಂದಾಗ ತಿರುಗಿ, "ಯಕ್ಕಾ, ನೀ ಅಂಜಿದಿ" ಎಂದಳು.

"ಇಲ್ಲ ಬೇ, ವಿಚಾರ ಮಾಡಿದ್ನಿ."

"ಅಂಜಿದಿ. ನಾನೂ ಅಂಜೀನಿ. ಆದ್ರ ನಂಗ ಅಂಡಮಾನ್ದ ಬಣ್ಣ ಬೇಕಾಗಿಲ್ಲ."

ಅಂಡಮಾನಿನ ನೀರೂ ಅಷ್ಟೇ ಚೆಂದವಿರಬಹುದು ಎಂದು ಹೇಳಲು ಹೋಗಿ ಬಾಯಿ ಮುಚ್ಚಿಕೊಂಡೆ. ಇಷ್ಟು ವರ್ಷದಲ್ಲಿ ಅವಳು ತನಗಾಗಿ ಏನನ್ನಾದರೂ ಬೇಡಿದ್ದು ನನಗೆ ನೆನಪಿರಲಿಲ್ಲ. ಮರುದಿನ ಬೆಳಿಗ್ಗೆ ಟಿಕೆಟ್ ಮಾಡುವವನಿಗೆ ನಾನೇ ಫೋನ್ ಮಾಡಿ, ಅಂಡಮಾನ್ ಬೇಡ, ಬೇರೆ ಕಾಗದ ಬೇಕಾಗದಂಥ ದಾರಿ ಯಾವುದಿದೆ ಹುಡುಕು ಎಂದು ಹೇಳಿದೆ. "ಹುಡುಕೂಣ್ರಿ ಟೀಚರ. ನಾನೂ ಇಂಥಾದು ಒಮ್ಮಿ ಮಾಡಿ ನೋಡಬೇಕು" ಎಂದ. ಅವನ ದನಿಯಲ್ಲೂ ಹುರುಪು ಬಂದಿತ್ತು.

ಮನೆಯಲ್ಲಿ ಹೇಳಬೇಕಿತ್ತು. ಊಟ ಮುಗಿಸಿ ಅಣ್ಣತಮ್ಮಂದಿರು ಪಡಸಾಲೆಯಲ್ಲಿ ಕೂತಿದ್ದಾಗ ನಾನು ವಿಷಯ ತೆಗೆದೆ. ಮೈದುನ, "ವೈನಿ, ಚೇಷ್ಟಿ ಮಾಡಾಕತ್ತೀರೇನು?" ಎಂದ. ನನ್ನ ಗಂಡ ಬಹಳ ಹೊತ್ತು ಅಡಿಕೆ ಅಗಿದು, "ಇಬ್ಬರಽ ಹೆಣ್ಣಮಕ್ಕಳು ಅಷ್ಟು ದೂರ? ಶ್ರೀಶೈಲಕ್ಕ ಹೋಗಿ ಬರ್ರಿ. ಇಲ್ಲಾ, ನಾನೂ ಬರತೀನಿ" ಎಂದರು.

ಆಗ ನೆಗೆಣ್ಣಿ ಅಡುಗೆಮನೆಯಿಂದ ಹೊರಗೆ ಬಂದಳು. ಅವಳು ನನ್ನ ಗಂಡನ ಎದುರು ಎಂದೂ ಕೂತವಳಲ್ಲ. ಏನಿದ್ದರೂ ಬಾಗಿಲ ಚೌಕಟ್ಟಿಗೆ ಒರಗಿ ಎರಡು ಮಾತು. ಅಂದು ಬಂದು, ಸೆರಗು ಸರಿಮಾಡಿಕೊಂಡು, ಅವರ ಎದುರು ಚಾಪೆಯ ಮೇಲೆ ಕೂತಳು.

"ಭಾವಾರ, ನೀವು ಬಂದ್ರ ಮಗ್ಗ ಯಾರು ನೋಡ್ತಾರ್ರಿ? ಶ್ರೀಶೈಲಕ್ಕ ನಾ ಐದು ಸಲ ಹೋಗಿ ಬಂದೀನ್ರಿ. ಮಲ್ಲಯ್ಯ ನನ್ನ ಮ್ಯಾಲೆ ಸಿಟ್ಟಾಗೂದಿಲ್ಲ. ನಾನು ಬಣ್ಣ ನೋಡಿ, ಹನ್ನೆರಡು ದಿನದಾಗ ತಿರುಗಿ ಬರತೀನ್ರಿ."

ನನ್ನ ಗಂಡ ಎದ್ದು ಅಂಗಳಕ್ಕೆ ಹೋಗಿ ಬಾಯಿ ಮುಕ್ಕಳಿಸಿ ಬಂದರು. "ಹನ್ನೆರಡು ದಿನ ರೊಟ್ಟಿ ಯಾರು ಬಡೀತಾರ?" ಎಂದು ತಮ್ಮನನ್ನು ಕೇಳಿದರು. ಒಪ್ಪಿಗೆ ಸಿಕ್ಕಿತೆಂದು ನನಗೆ ಆಗಲೇ ಗೊತ್ತಾಯಿತು.

ಪಾಸ್‌ಪೋರ್ಟಿಗೆ ಬೆರಳಚ್ಚು ಕೊಡುವ ದಿನ ಬೇರೆಯೇ ಪಜೀತಿ. ನನ್ನದು ಒಂದೇ ಸಲಕ್ಕೆ ಆಯಿತು. ಅವಳ ಬೆರಳನ್ನು ಯಂತ್ರ ಹಿಡಿಯಲೇ ಇಲ್ಲ. ಚಿಕ್ಕಂದಿನಿಂದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ, ನೂಲಿನ ಎಳೆ ಓಡಿ ಓಡಿ ಬೆರಳ ಗೆರೆಗಳು ಸವೆದುಹೋಗಿದ್ದವು. ಕುರ್ಚಿಯಲ್ಲಿದ್ದ ಹುಡುಗಿ ಒದ್ದೆ ಬಟ್ಟೆಯಿಂದ ಒರೆಸಿದಳು, ಒತ್ತಿ ಹಿಡಿದಳು, ಮತ್ತೆ ಒರೆಸಿದಳು. ನೆಗೆಣ್ಣಿ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು. ನಾಲ್ಕನೆಯ ಸಲ ಯಂತ್ರದಲ್ಲಿ ಹಸಿರು ದೀಪ ಹತ್ತಿತು. ಇಬ್ಬರೂ ಒಟ್ಟಿಗೇ ಉಸಿರು ಬಿಟ್ಟದ್ದು ಕೇಳಿ ಆ ಹುಡುಗಿಗೂ ನಗು ಬಂತು.

ವಿಚಾರಣೆಗೆಂದು ಪೊಲೀಸಿನವರೊಬ್ಬರು ಮನೆಗೂ ಬಂದು ಹೋದರು. ಚಹಾ ಕುಡಿಯುತ್ತ, "ಎದಕ್ಕ ಹೊಂಟೀರಿ ಅಕ್ಕಾರ?" ಎಂದು ಕೇಳಿದರು.

"ಬಣ್ಣ ನೋಡಾಕ್ರಿ" ಎಂದಳು ಇವಳು. ಅವರು ಪೆನ್ನು ಹಿಡಿದುಕೊಂಡೇ ನನ್ನ ಕಡೆ ನೋಡಿದರು. "ಪ್ರವಾಸ ಅಂತ ಬರಕೋರಿ" ಎಂದೆ.

ಕಾರ್ತಿಕದಲ್ಲಿ ಇನ್ನೊಂದು ಯೋಚನೆ ತಲೆಗೆ ಬಂತು. ಅಷ್ಟು ದೂರ ಹೋಗಿ ದಂಡೆಯ ಮೇಲೆ ಕೂತು ಬರುವುದೇ? ಅವಳ ತವರು ಚಿಕ್ಕಪಡಸಲಗಿಯ ಹತ್ತಿರ, ಕೃಷ್ಣೆಯ ದಂಡೆಯ ಹಳ್ಳಿ. ಅವಳು ನಡೆಯುವುದರ ಜೊತೆಗೇ ಈಜುವುದನ್ನೂ ಕಲಿತವಳು. ನಾನು ಬೀಳಗಿಯ ಕಡೆಯವಳು. ಬಾವಿಗೆ ಇಣುಕಿದರೂ ನಮ್ಮವ್ವ ಬೈಯುತ್ತಿದ್ದಳು. ಒಂದು ಬೆಳಿಗ್ಗೆ ಅವಳು ನನ್ನನ್ನು ತವರಿಗೆ ಕರೆದುಕೊಂಡು ಹೋದಳು. ರೈತರು ಕಟ್ಟಿದ ಒಡ್ಡಿನಿಂದ ಮೇಲಕ್ಕೆ ನೀರು ಅಲುಗಾಡದೆ ನಿಂತಿತ್ತು. ಮೆಟ್ಟಿಲ ಬಳಿ ಸೊಂಟದಷ್ಟು ಆಳ. ಹಳೆಯ ಚೂಡಿದಾರ ಹಾಕಿಕೊಂಡು ಇಬ್ಬರೂ ಇಳಿದೆವು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒಗೆಯುವುದು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು.

"ಆಕಾಶ ನೋಡು. ಕುತ್ತಿಗಿ ಬಿಗಿ ಹಿಡೀಬ್ಯಾಡ. ನನ್ನ ಕೈ ಕೆಳಗಽ ಐತಿ" ಎಂದಳು.

ನನಗೆ ಅರವತ್ತೊಂದು. ಬೆನ್ನ ಕೆಳಗೆ ಅವಳ ಎರಡು ಅಂಗೈ, ಕಿವಿಯೊಳಗೆ ನದಿಯ ಗುಂಯ್ ಎನ್ನುವ ಸದ್ದು. ಮೊದಲ ಸಲ ಮುಳುಗಿ ನೀರು ಕುಡಿದೆ. ಎರಡನೆಯ ಸಲ ಅವಳ ತೋಳು ಹಿಡಿದು ಎಳೆದೆ. ಬಿಸಿಲು ಏರುವ ಹೊತ್ತಿಗೆ ಒಂದು ಸಲ ಅವಳ ದನಿ ದೂರದಿಂದ ಕೇಳಿಸಿತು: "ಹತ್ತು ಎಣಿಸಿದ್ನಿ ಯಕ್ಕಾ! ನಾ ಕೈ ಬಿಟ್ಟು ಭಾಳ ಹೊತ್ತಾತು!" ಗೊತ್ತಾದೊಡನೆ ಮುಳುಗಿದೆ. ಆದರೆ ಎದ್ದವಳು ನಿಲ್ಲಲಾರದಷ್ಟು ನಗುತ್ತಿದ್ದೆ. ಒಗೆಯುತ್ತಿದ್ದ ಹೆಂಗಸರೂ ನಗುತ್ತಿದ್ದರು. ಮನೆಗೆ ಬರುವವರೆಗೂ ನನ್ನ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬಸ್ಸಿನಲ್ಲಿ ಪರಿಚಯದವರು ಏನಾಯಿತೆಂದು ಕೇಳಿದರೆ, "ಈಸಾಕ ಹೋಗಿದ್ದಿವ್ರಿ" ಎಂದು ನಾನೇ ಹೆಮ್ಮೆಯಿಂದ ಹೇಳಿದೆ.

ಉಳಿಯಲು ಬಾರ್ಬಡೋಸಿನಲ್ಲಿ ಒಬ್ಬ ಹಿರಿಯ ಹೆಂಗಸಿನ ಮನೆಯಲ್ಲಿ ಒಂದು ಕೋಣೆ ಗೊತ್ತುಮಾಡಿದೆವು. ಅಡುಗೆ ಮಾಡಿಕೊಳ್ಳಲು ಒಲೆ ಇದೆ, ಸಮುದ್ರ ಹಿತ್ತಲಿನ ಹತ್ತಿರವೇ ಎಂದು ಬರೆದಿದ್ದರು. ಒಂದು ಸಂಜೆ ಆ ಅಮ್ಮನೊಡನೆ ವಿಡಿಯೋದಲ್ಲಿ ಮಾತಾಡಿದೆವು. ಇಲ್ಲಿ ದೀಪ ಹಚ್ಚುವ ಹೊತ್ತು, ಅಲ್ಲಿ ಇನ್ನೂ ಬೆಳಿಗ್ಗೆ. ಮೀನು, ಮೊಟ್ಟೆ, ಮಾಂಸ ಯಾವುದೂ ಬೇಡ ಎಂದು ನನ್ನ ಸಾಲೆಯ ಇಂಗ್ಲಿಷಿನಲ್ಲಿ ವಿವರಿಸಿದೆ. ಆಕೆ ಗಾಬರಿಯಾಗಲಿಲ್ಲ, ಗೆಣಸು, ಬಾಳೆಕಾಯಿ, ಕಾಳು, ಅನ್ನ ಎಂದು ಬೆರಳು ಮಡಚಿದಳು. ನೆಗೆಣ್ಣಿ ನನ್ನ ಭುಜ ತಿವಿದಳು. "ನೀರು ತೋರಸಾಕ ಹೇಳು ಬೇ."

ಆಕೆ ಫೋನ್ ಹಿಡಿದು ಹಿತ್ತಲಿಗೆ ನಡೆದಳು. ಚಿತ್ರ ಅಲುಗಾಡಿತು, ನಿಂತಿತು, ಮತ್ತೆ ಬಂತು. ಅಲ್ಲಿ ಮಳೆ ಸುರಿಯುತ್ತಿತ್ತು. ನೀರು ಬೂದಿಯ ಬಣ್ಣದ್ದು. ನಮ್ಮ ಪಕ್ಕದ ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನ ಮೇಲಿನ ಮೋಡಕ್ಕೂ ಅದಕ್ಕೂ ವ್ಯತ್ಯಾಸವೇ ಇರಲಿಲ್ಲ. ಬಿಸಿಲು ಬಿದ್ದಾಗ ನೋಡಬೇಕು ಎಂದು ಆಕೆ ನಗುತ್ತ ಹೇಳಿದಳು. ನಾನು ಅಂಜುತ್ತಲೇ ನೆಗೆಣ್ಣಿಯ ಮುಖ ನೋಡಿದೆ.

ಅವಳ ಕಣ್ಣುಗಳು ಹೊಳೆಯುತ್ತಿದ್ದವು. "ಮಳಿ ಬರಾಕತ್ತೈತಿ ಯಕ್ಕಾ! ಅಂದ್ರ ಅದು ಖರೇ ಊರು. ನಮ್ಮಂಗಽ ಮಳಿ ಬರತೈತಿ, ಬಿಸಲ ಬೀಳತೈತಿ. ಛಾಪಖಾನ್ಯಾಗ ಮಳಿ ಬರತೈತೇನು?" ಎಂದಳು. ಆಮೇಲೆ ಆ ಅಮ್ಮ ಇವಳ ಸೀರೆ ನೋಡಿ ಹತ್ತಿರ ಹಿಡಿಯಲು ಹೇಳಿದಳು. ಇವಳು ಸೆರಗನ್ನು ಫೋನಿನ ಕಣ್ಣಿಗೆ ಹಿಡಿದಳು. ಇಬ್ಬರೂ ತಂತಮ್ಮ ಭಾಷೆಯಲ್ಲೇ ಮಾತಾಡತೊಡಗಿದರು. ನಾನು ನಡುವೆ ಬಾಯಿ ಹಾಕುವುದನ್ನು ಬಿಟ್ಟೆ.

ಹೋದ ವಾರ ಟಿಕೆಟ್ ಬಂತು. ಟಿಕೆಟ್ ಮಾಡುವವನು ತಾನೇ ಜಮಖಂಡಿಯಿಂದ ಮೋಟರ್‌ಸೈಕಲ್ಲಿನಲ್ಲಿ ಬಂದು, ಕಾಗದಗಳನ್ನು ಸಾಲಾಗಿ ಜೋಡಿಸಿ, ಎಲ್ಲಿ ಇಳಿಯುವುದು, ಎಲ್ಲಿ ಹತ್ತುವುದು ಎಂದು ಎರಡು ಸಲ ಹೇಳಿಕೊಟ್ಟ. ಸಂಕ್ರಾಂತಿ ಮುಗಿಸಿ ಹೊರಡುವುದು. ಇದನ್ನು ಬರೆಯುವಾಗ ಹನ್ನೊಂದು ದಿನ ಉಳಿದಿವೆ. ಮೈದುನ ರೊಟ್ಟಿ ಬಡಿಯಲು ಕಲಿಯುತ್ತಿದ್ದಾನೆ. ಎರಡು ಹರಿದರೆ ಒಂದು ದುಂಡಗೆ ಬರುತ್ತದೆ. ನನ್ನ ಗಂಡ ಪಕ್ಕದಲ್ಲಿ ಕೂತು ತಪ್ಪು ಹೇಳುತ್ತಾರೆ.

ನಿನ್ನೆ ದಾರಿಗೆ ಬಹುದಿನ ಕೆಡದ ಕಟಕ ರೊಟ್ಟಿ ಮಾಡಲೆಂದು ಜೋಳ ಬೀಸಿಸಲು ಗಿರಣಿಗೆ ಹೋದೆವು. ಸಾಲಿನಲ್ಲಿ ಏಳೆಂಟು ಹೆಂಗಸರಿದ್ದರು. ಇಷ್ಟು ಜೋಳ ಯಾಕೆ ಎಂದು ಒಬ್ಬಳು ಕೇಳಿದಳು. ನೆಗೆಣ್ಣಿ ಬುಟ್ಟಿ ಕೆಳಗಿಟ್ಟು, ಗಿರಣಿಯ ಸದ್ದಿಗಿಂತ ಮೇಲೆ ದನಿ ಏರಿಸಿ, "ನಾವು ಸಮುದ್ರಕ್ಕ ಹೊಂಟೀವಿ!" ಎಂದಳು.

"ಯಾವ ಸಮುದ್ರಕ್ಕ?"

"ಕೆರಿಬಿಯನ್." ಒಂದಕ್ಷರವೂ ತಪ್ಪಲಿಲ್ಲ.

ಎಲ್ಲರೂ ಸುತ್ತ ನಿಂತರು. ಎಷ್ಟು ದೂರ, ವಿಮಾನದಲ್ಲಿ ಏನು ಕೊಡುತ್ತಾರೆ, ಅಲ್ಲಿಯ ಜನ ಏನು ಉಡುತ್ತಾರೆ, ನೀರು ಖರೆಯಾಗಿಯೂ ಉಪ್ಪೇ? ಒಬ್ಬಳು ತನಗೊಂದು ಶಂಖ ಬೇಕೆಂದಳು. ಇನ್ನೊಬ್ಬಳು ಒಂದು ಹಿಡಿ ಉಸುಕು ಸಾಕೆಂದಳು. ಮೂಲೆಯಲ್ಲಿ ಕೂತಿದ್ದ ಮುದುಕಿಯೊಬ್ಬಳು, "ನನಗ ಏನೂ ಬ್ಯಾಡ, ಬಂದು ಎಲ್ಲಾ ಹೇಳ್ರಿ" ಎಂದಳು. ನಾನು ಗಿರಣಿಯವರು ಕೊಟ್ಟ ಚೀಟಿಯ ಹಿಂಬದಿಯಲ್ಲಿ ಒಂದೊಂದನ್ನೇ ಬರೆದುಕೊಳ್ಳುತ್ತಿದ್ದೆ. ನೆಗೆಣ್ಣಿ ಕೈಯೆತ್ತಿ, "ಒಬ್ಬೊಬ್ರಽ ಹೇಳ್ರೆವಾ, ಯಕ್ಕ ಬರಕೊಳ್ಳಾಕತ್ತಾಳ!" ಎಂದು ಎಲ್ಲರನ್ನೂ ಸಾಲಿಗೆ ನಿಲ್ಲಿಸುತ್ತಿದ್ದಳು.