ಕಲ್ಲಿಗೆ ತಿಕ್ಕಿದ ಸಿಂಪಿ

ನಮ್ಮವ್ವನ ತವರು ಮುಂಡರಗಿಯ ಆಚೆ, ತುಂಗಭದ್ರೆಯ ದಂಡೆಯಲ್ಲಿ. ಮನೆಮಗಳು ಹಡೆದಳೆಂದರೆ ಅಲ್ಲಿಂದ ಹೊಳೆಯ ಕಪ್ಪೆಚಿಪ್ಪು, ನಮ್ಮ ಕಡೆಯ ಮಾತಿನಲ್ಲಿ ಸಿಂಪಿ, ಒಂದು ಬರುತ್ತಿತ್ತು. ಕೂಸಿಗೆ ಹಾಲು ಕುಡಿಸುವ ಚಮಚೆ ಅದೇ. ಅಂಚು ಎಳೆ ತುಟಿಯನ್ನು ಕೊಯ್ಯಬಾರದೆಂದು ಅದನ್ನು ಮೊದಲು ಕಲ್ಲಿಗೆ ತಿಕ್ಕಿ ನುಣುಪು ಮಾಡಬೇಕು. ಸ್ವಾತಂತ್ರ್ಯ ಬಂದ ವರ್ಷ ಬೆಟಗೇರಿಯ ನಮ್ಮ ಮನೆಯಲ್ಲಿ ತಂಗಿ ಹುಟ್ಟಿದಾಗ ಆ ಕೆಲಸ ಒಂಬತ್ತು ವರ್ಷದ ನನ್ನ ಪಾಲಿಗೆ ಬಂತು.

ತಿಕ್ಕಿದೆ. ಬಿಳಿ ಪುಡಿ ಉದುರಿತು. ಓಣಿಯಲ್ಲಿ ಗೆಳತಿಯರು ಆಟಕ್ಕೆ ಕರೆಯುತ್ತಿದ್ದರು. ತೊಳೆಯುವ ವ್ಯವಧಾನ ಯಾರಿಗಿತ್ತು? ಲಂಗಕ್ಕೆ ಒರೆಸಿ ಅವ್ವನ ಕೈಗೆ ಕೊಟ್ಟು ಓಡಿದೆ. ಅಂದು ಸಂಜೆಯೇ ಕೂಸು ಹೋಯಿತು.

"ಸಿಂಪಿ ತೊಳದ ಕೊಟ್ಟಿದ್ದೇನ?" ನೆರೆದ ಹೆಂಗಸರ ನಡುವೆ ಅವ್ವ ಕೇಳಿದಳು.

ಹೂಂ ಅಂದೆ. ಅವಳು ಮತ್ತೆಂದೂ ಕೇಳಲಿಲ್ಲ, ಸಿಂಪಿಯನ್ನು ಗೋಡೆಯ ಗೂಡಿನಲ್ಲಿಟ್ಟಳು. ಮಧ್ಯಾಹ್ನದ ಬಿಸಿಲಿಗೆ ಅದರ ಒಳಮೈ ಗುಲಾಬಿ, ಹಸಿರು ಆಗಿ ಹೊಳೆದರೆ ನಾನು ಗೋಡೆಗೆ ಬೆನ್ನು ತಿರುಗಿಸಿ ಕೂಡುತ್ತಿದ್ದೆ. ಹಾಲು ಬಾಯಿಗಿಟ್ಟರೆ ಪುಡಿ ಹಲ್ಲಿಗೆ ಕರಕರ ಸಿಗುತ್ತಿತ್ತು. ಹಾಲು ಬಿಟ್ಟೇಬಿಟ್ಟೆ.

ಏಕೀಕರಣದ ವರ್ಷ ನಾನು ಗದಗಿನ ಕಾಲೇಜು ಸೇರಿದ್ದೆ. ಊರಿಗೆ ಊರೇ ಪೇಢೆ ಹಂಚುತ್ತಿದ್ದ ಆ ದಿನಗಳಲ್ಲೇ ಮಾಸ್ತರು ಸೂಕ್ಷ್ಮದರ್ಶಕದ ಕೆಳಗೆ ಸಿಂಪಿಯ ಚೂರೊಂದನ್ನಿಟ್ಟರು. ಕಂಡದ್ದು ಹೊಳಪಲ್ಲ, ಒತ್ತೊತ್ತಾಗಿ ಜೋಡಿಸಿದ ಸಣ್ಣ ಬಿಲ್ಲೆಗಳು.

"ಒಳಗಿನ ಹುಳ ತನ್ನ ಮೈಯಿಂದಾನ ಇದನ್ನ ಕಟ್ಟತೈತಿ," ಅಂದರು. "ಬಿಲ್ಲಿ ಮ್ಯಾಲ ಬಿಲ್ಲಿ, ನಡುವ ತೆಳ್ಳನ ಅಂಟು. ಬಣ್ಣ ಅದರಾಗಿಲ್ಲ; ಪದರಿನಾಗ ಬೆಳಕು ಒಡದು ಹಂಗ ಕಾಣತೈತಿ. ಒಳಗ ಏನರ ಹೊಕ್ಕು ಹೊರಗ ಹೋಗದಿದ್ರ, ಅದರ ಮ್ಯಾಲೂ ಪದರ ಕಟಗೋಂತ ಹೋಗತೈತಿ."

ಒಳಹೊಕ್ಕಿದ್ದನ್ನು ಹೀಗೆ ಹೊಳಪಿನಲ್ಲಿ ಮುಚ್ಚಿಡುವ ಆ ಹುಳದ ಮೇಲೆ ನನಗೆ ಸಿಟ್ಟೇ ಬಂತು.

"ಇದರ ಪುಡಿ ಕೂಸಿನ ಹೊಟ್ಟ್ಯಾಗ ಹೋದ್ರ, ಸರ್?"

"ಚಿಟಿಕಿ ಪುಡಿಗೆ ಯಾರೂ ಸಾಯೂದಿಲ್ಲ ಬಿಡವಾ. ವೈದ್ಯರು ಇದರ ಭಸ್ಮಾನ ಔಷಧಕ್ಕ ಕೊಡತಾರ."

ಮನೆಗೆ ಓಡುತ್ತಲೇ ಬಂದೆ. ಅವ್ವ ಮಗ್ಗದ ಪಕ್ಕ ಕೂತು ನೂಲು ಸುತ್ತುತ್ತಿದ್ದಳು. ತೊಳೆಯದೆ ಕೊಟ್ಟದ್ದು, ಸುಳ್ಳು ಹೇಳಿದ್ದು, ಮಾಸ್ತರ ಮಾತು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ತೊಳದಿದ್ದಿಲ್ಲಂತ ಗೊತ್ತಿತ್ತು. ನಾನ ತೊಳಕೊಂಡೆ."

"ಮತ್ತ್ಯಾಕ ಕೇಳಿದಿ ಯವ್ವಾ?"

"ಕೂಸು ಮುಂಜಾನಿಂದ ಏನೂ ನುಂಗಿದ್ದಿಲ್ಲ. ನಿಮ್ಮಪ್ಪ ದವಾಖಾನಿಗೆ ಹೋಗೂಣು ಅಂದ್ರು. ನಾನ, ಸಂಜೀತನಕ ನೋಡೂಣು ಅಂದೆ." ನೂಲು ಕಡಿಯಿತು, ಗಂಟು ಹಾಕಿದಳು. "ಮಂದಿ ಮುಂದ ನಂದು ಬಿಟ್ಟು ಯಾರದರ ತಪ್ಪು ಇರಬೇಕಿತ್ತಲ್ಲ."

ಆಮೇಲೆ ಎದ್ದು ಹೋಗಿ ಹಾಲು ಕಾಯಿಸಿ ತಂದು ನನ್ನ ಮುಂದಿಟ್ಟಳು. ಕುಡಿಯಬೇಕೆಂದೇ ಎತ್ತಿದೆ. ಹಲ್ಲಿಗೆ ಅದೇ ಪುಡಿ ಸಿಕ್ಕಿತು.