ಅವಳ ಪರವಾಗಿ ನಾನು ವಾದಿಸಿದ ಭಾನುವಾರ

ಬಾಡಿಗೆ ಅಗ್ರಿಮೆಂಟ್‌ಗೆ ಸಹಿ ಹಾಕಿದ್ದಿದ್ದರೆ ನನ್ನ ಜೊತೆಗಿದ್ದ ಗೆಳತಿ ಮೂರೇ ತಿಂಗಳಿಗೆ ಮನೆ ಬಿಡುತ್ತಿರಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಕೆಳಗಿನ ಮನೆಯ ಓನರ್ ಆಂಟಿಯಂತೂ ನಾನು ಹಾಲು ತರೋಕೆ ಇಳಿದಾಗಲೆಲ್ಲ ಹೇಳುತ್ತಾರೆ. ಆಯ್ತು, ಒಪ್ಪೋಣ. ಆದರೆ ಛಾಪಾ ಕಾಗದದಲ್ಲಿ ಏನಂತ ಬರೆಸಬೇಕಿತ್ತು? ಹನ್ನೊಂದು ತಿಂಗಳು ಬಾಡಿಗೆ ಹಂಚಿಕೊಳ್ಳತಕ್ಕದ್ದು ಅಂತ ಬರೆಸಬಹುದು. ಜೊತೆಗಿರತಕ್ಕದ್ದು ಅಂತ ಬರೆಸೋಕಾಗುತ್ತಾ? ಅಷ್ಟಕ್ಕೂ "ಮನೆ ಮಕ್ಕಳ ಥರ ಇರಿ, ಪೇಪರೆಲ್ಲ ಯಾಕಮ್ಮ" ಅಂದವರು ಇದೇ ಆಂಟಿ. ಅವಳನ್ನು ಕಳಿಸಿದವಳು ನಾನು.

ಜೀವನ್ ಬಿಮಾ ನಗರದ ಈ ಎರಡನೇ ಮಹಡಿಯಲ್ಲಿ ನಮ್ಮದೊಂದು ಪದ್ಧತಿ ಇತ್ತು. ಕಾಲೇಜಿನ ಚರ್ಚಾ ತಂಡದಲ್ಲಿ ನಾವಿಬ್ಬರು ಜೋಡಿ, ಅಲ್ಲಿಂದ ತಂದದ್ದು. ಜಗಳ ಬಂದರೆ ಪಕ್ಷ ಬದಲಾಯಿಸಬೇಕು. ನನ್ನ ಪರ ಅವಳು ಮಾತಾಡಬೇಕು, ಅವಳ ಪರ ನಾನು. ತಲಾ ಮೂರು ನಿಮಿಷ, ಮೊಬೈಲಲ್ಲಿ ಟೈಮರ್. ಯಾರ ವಾದ ಗೆಲ್ಲುತ್ತೋ ಹಾಗೇ ನಡೆಯಬೇಕು. ಪಾತ್ರೆ ಯಾರು ತೊಳೀಬೇಕು, ಫ್ಯಾನ್ ಎಷ್ಟರಲ್ಲಿರಬೇಕು, ಎಲ್ಲ ಹೀಗೇ ತೀರ್ಮಾನ. ಅವಳು ನನ್ನ ಹಾಗೆ ಮೂಗೇರಿಸಿ ಮಾತಾಡುವಷ್ಟರಲ್ಲಿ ಅರ್ಧ ಜಗಳ ನಗುವಲ್ಲೇ ಮುಗಿದಿರುತ್ತಿತ್ತು.

ಕೆ.ಆರ್. ಪುರದಲ್ಲಿರುವ ಅವಳ ಅಕ್ಕನಿಗೆ ಆಗ ಏಳು ತಿಂಗಳು. ಭಾವನಿಗೆ ಶಿಫ್ಟ್ ಕೆಲಸ. ಬಂದು ನಮ್ಮ ಜೊತೆಗೇ ಇದ್ದುಬಿಡು ಅಂತ ಅಕ್ಕನ ಫೋನು. ರಾಯಚೂರಿನ ನನ್ನ ಗೆಳತಿ ಎರಡು ದಿನ ಮಂಕಾಗಿದ್ದು, ಭಾನುವಾರ ಬೆಳಿಗ್ಗೆ "ಹೋಗ್ಬೇಕೇನೋ ಅನಸ್ತದ" ಅಂದಳು.

"ಬೇಡ ಕಣೇ. ವಾರಕ್ಕೆರಡು ಸಲ ಹೋಗ್ಬಾ, ಸಾಕು."

"ನಿಂಗೇನು ಗೊತ್ತು ನಮ್ಮ ಮನೀದು?"

ದನಿ ಏರಿತು. ಕೊನೆಗೆ ಅವಳೇ "ಟೈಮರ್ ಇಡು" ಅಂದಳು.

ಉಳಿಯಬೇಕು ಅನ್ನುವ ನನ್ನ ಪಕ್ಷ ಅವಳಿಗೆ ಬಂತು, ಹೋಗಬೇಕು ಅನ್ನುವ ಅವಳ ಪಕ್ಷ ನನಗೆ. ಈ ಸಲ ಮೂಗೇರಿಸಲಿಲ್ಲ. ನೆಲ ನೋಡುತ್ತಾ ಹೇಳಿದಳು: "ಅಕ್ಕನ ಮನ್ಯಾಗ ನಾ ಬರೀ ತಂಗಿ. ನಾ ಅಂದದ್ದಕ್ಕ ಅಲ್ಲಿ ಯಾರೂ ಎದುರಾಡಂಗಿಲ್ಲ, ಯಾಕಂದ್ರ ಯಾರೂ ಕೇಳಿಸ್ಕೊಳ್ಳಂಗಿಲ್ಲ. ಇಲ್ಲಿ ಒಬ್ಬಾಕಿ ಅದಾಳ. ನಾ ಆಕಳಿಸಿದ್ರೂ ಯಾಕಂತ ಕೇಳ್ತಾಳ." ಇನ್ನೂ ಒಂದೂವರೆ ನಿಮಿಷ ಉಳಿದಿತ್ತು. ನಿಲ್ಲಿಸಿಬಿಟ್ಟಳು.

ಎದುರಾಳಿ ಸಮಯ ಉಳಿಸಿದರೆ ನನಗೆ ಹುಚ್ಚು ಹುರುಪು. "ಇದು ಪುರಾವೆ ಅಲ್ಲ, ಬರೀ ಫೀಲಿಂಗು" ಅಂತ ಶುರು ಮಾಡಿದೆ. ಹೆರಿಗೆ ಕಾಯಲ್ಲ. ಗೆಳತಿ ಕಾಯ್ತಾಳೆ. ಅಕ್ಕನಿಗೆ ಏನಾದ್ರೂ ಆದ್ರೆ ಇಲ್ಲಿ ಕೂತು ಆಕಳಿಸಿದ್ದು ಜೀವನಪೂರ್ತಿ ಚುಚ್ಚುತ್ತೆ. ಸಹಿ ಇಲ್ಲ, ಕರಾರಿಲ್ಲ, ಹೋಗೋಳನ್ನ ಹಿಡಿಯೋ ಹಕ್ಕು ಈ ಮನೇಲಿ ಯಾರಿಗೂ ಇಲ್ಲ. ಕೊನೇ ವಾಕ್ಯ ಮುಗಿಯೋಕೂ ಟೈಮರ್ ಹೊಡೆಯೋಕೂ ಸರಿಹೋಯಿತು.

ಟ್ಯಾಂಕ್ ನೋಡೋಕೆ ಮೇಲೆ ಬಂದ ಆಂಟಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರು. "ಇವಳು ಹೇಳೋದೇ ಸರಿ ಕಣಮ್ಮ. ಹೋಗು. ನಾನೇನು ಹಿಡ್ಕೋತೀನಾ?"

"ಗೆದ್ದಿ ಬಿಡವ್ವಾ" ಅಂದಳು ಅವಳು. ನಕ್ಕಳು ಅಂತಲೇ ಅಂದುಕೊಂಡೆ.

ಸಂಜೆ ನಾನೇ ಆಟೋ ಬುಕ್ ಮಾಡಿದೆ. ಬ್ಯಾಗ್ ಇಳಿಸಿದೆ. ವಾದ ಮುಗಿದ ಮೇಲೆ ನಿಯಮವೂ ಮುಗಿದಂತೆ. ನನ್ನ ಬಾಯಿ ನನಗೆ ವಾಪಸ್ ಬಂದಿತ್ತು. 'ಹೋಗ್ಬೇಡ' ಅನ್ನೋಕೆ ಮೂರು ನಿಮಿಷ ಬೇಕಿರಲಿಲ್ಲ. ಗೆದ್ದವಳು ತನ್ನ ತೀರ್ಪನ್ನು ತಾನೇ ಹೇಗೆ ಮುರಿಯೋದು ಅಂತ ಗೇಟು ಹಿಡಿದು ನಿಂತಿದ್ದೆ. ಎಂಥ ಮೂರ್ಖ ಸೊಕ್ಕು!

ಈಗ ಮಗುವಿನ ಫೋಟೋ ಕಳಿಸುತ್ತಾಳೆ, ನಾನು ಹೃದಯದ ಚಿತ್ರ ಹಾಕುತ್ತೇನೆ. ಇಬ್ಬರೂ ಯಾವುದಕ್ಕೂ ಎದುರಾಡುವುದಿಲ್ಲ. ಎದುರಾಳಿಯ ಮಾತನ್ನು ಒಂದಕ್ಷರ ಬಿಡದೆ ಕೇಳಬೇಕು ಅಂತ ತಂಡದಲ್ಲಿ ಹೇಳಿಕೊಡುತ್ತಿದ್ದರು. ಆ ಒಂದೂವರೆ ನಿಮಿಷವನ್ನು ನಾನು ಈಗ ಕೇಳಿಸಿಕೊಳ್ಳುತ್ತಿದ್ದೇನೆ. ಹೇಳೇ, ಅವತ್ತು ನೀನು ಮಾತಾಡಿದ್ದು ನನ್ನ ಪರವಾಗಿಯಾ, ಇಲ್ಲಾ ನಿನ್ನದೇ ಮಾತಾ?