ಟ್ರೇಗೆ ಎಷ್ಟು ತತ್ತಿ ಒಡೆದವು?

ಬೈಲಹೊಂಗಲದಲ್ಲಿ ತತ್ತಿ ತುಂಬಿಕೊಂಡು ಸವದತ್ತಿ, ಮನೋಳಿ, ಸುರೇಬಾನ ಅಂತ ಊರೂರಿಗೆ ಹಾಕಿ ಬರುವ ಮೂರು ಗಾಲಿಯ ಗಾಡಿ ಒಂದಿದೆ. ಓಡಿಸುವವಳು ಜೈಬುನ್ನಿಸಾ. ಗಂಡನಿಗೆ ಮೊಣಕಾಲು ಹಿಡಿದುಕೊಂಡಾಗ ಎರಡು ದಿನದ ಮಟ್ಟಿಗೆ ಅಂತ ಹ್ಯಾಂಡಲ್ ಹಿಡಿದವಳು, ಒಂಬತ್ತು ವರ್ಷವಾಯಿತು, ಬಿಟ್ಟಿಲ್ಲ.

ರಸ್ತೆ ಹೇಗಿದೆ ಅಂತ ಎಲ್ಲರೂ ಬಾಯಲ್ಲಿ ಹೇಳುತ್ತಾರೆ, ಜೈಬುನ್ನಿಸಾ ತತ್ತಿ ಎಣಿಸಿ ಹೇಳುತ್ತಾಳೆ. ಮೂವತ್ತು ತತ್ತಿಯ ಟ್ರೇಯಲ್ಲಿ ಒಂದೂ ಒಡೆಯದಿದ್ದರೆ ಉತ್ತಮ. ಎರಡು ಒಡೆದರೆ ನಡೆಯುತ್ತದೆ. ಐದು ದಾಟಿದರೆ ಆ ರಸ್ತೆ ಮಾಡಿಸಿದವನ ಮುತ್ತಜ್ಜನವರೆಗೂ ಬೈಗುಳ ಹೋಗಿ ಮುಟ್ಟುತ್ತದೆ.

ಈ ಬೈಗುಳ ಕೇಳಿ ಕೇಳಿ ಸಾಕಾಗಿ ಮಗಳು ಮುಸ್ಕಾನ್ ಅವಳ ಫೋನಿಗೆ ದಾರಿ ತೋರಿಸುವ ಒಂದು ಆ್ಯಪ್ ಹಾಕಿಕೊಟ್ಟಳು.

"ಇದು ಯಾವ ಕಂಪನೀದೂ ಅಲ್ಲ ಅಮ್ಮಿ. ಇದರ ನಕ್ಷಾ ಬರ್‍ಯಾವ್ರು ನಮ್ಮಂಥಾ ಮಂದೀನ. ತಪ್ಪಿದ್ರ ನೀನೂ ತಿದ್ದಬಹುದು."

"ಫುಕಟ್ ಯಾರ್ ಬರೀತಾರ?"

"ನೀ ಫುಕಟ್ ಬೈಯೂದಿಲ್ಲಾ? ಅದನ್ನ ಇದರಾಗ ಬರಿ."

ರಸ್ತೆಯ ಗುಣ ಬರೆಯಲು ಅದರಲ್ಲಿ ಪಟ್ಟಿಯೇ ಇತ್ತು: ಉತ್ತಮ, ಸಾಧಾರಣ, ಕೆಟ್ಟದ್ದು, ಭಯಂಕರ, ಅತಿ ಭಯಂಕರ. ಜೈಬುನ್ನಿಸಾ ಕೊನೆಯದರ ಮೇಲೆ ಬೆರಳಿಟ್ಟು, "ಇದನ್ನ ಮಾಡಿದಾಂವ ಯಾವಾಗೋ ನಮ್ಮ ಕಡೆ ಬಂದು ಹೋಗ್ಯಾನ" ಅಂದಳು.

ಒಂದು ವರ್ಷದಲ್ಲಿ ಅವಳು ಹೋದ ದಾರಿಗಳೆಲ್ಲ ತತ್ತಿ ಲೆಕ್ಕದಲ್ಲಿ ನಕ್ಷೆ ಸೇರಿದವು. ಹಾಲಿನ ಗಾಡಿಯವರು, ಮದುವೆ ದಿಬ್ಬಣದವರು, ಎಲ್ಲರೂ ಅದೇ ಆ್ಯಪ್ ಹಾಕಿಕೊಂಡರು. ಒಬ್ಬನಿಗೂ ಸೊಂಟ ನೋವಿಲ್ಲ.

ತಕರಾರು ಬಂದದ್ದು ಸುರೇಬಾನದ ಆಚೆಯ ಕರೆಮ್ಮನಹಾಳದಲ್ಲಿ. ಆ ಊರಿಗೆ ಎರಡು ದಾರಿ. ಒಂದು ಹೊಲದ ನಡುವಿನ ಹಳೆಯ ಮಣ್ಣಿನ ದಾರಿ. ಇನ್ನೊಂದು ಪಂಚಾಯ್ತಿ ಮೆಂಬರ್ ನಿಂಗರಾಜ ಹೋದ ತಿಂಗಳಷ್ಟೇ ಮಾಡಿಸಿದ ಡಾಂಬರ್ ರಸ್ತೆ. ಮಣ್ಣಿನ ದಾರಿಯಲ್ಲಿ ಒಡೆದ ತತ್ತಿ ಸೊನ್ನೆ. ಡಾಂಬರಿನಲ್ಲಿ ಹನ್ನೊಂದು. ಜೈಬುನ್ನಿಸಾ 'ಅತಿ ಭಯಂಕರ' ಒತ್ತಿದಳು. ಅಂದಿನಿಂದ ಆ್ಯಪ್ ಎಲ್ಲರನ್ನೂ ಮಣ್ಣಿನ ದಾರಿಗೇ ತಿರುಗಿಸತೊಡಗಿತು.

ಶನಿವಾರ ಮಕ್ಕಳ ಬಿಸಿಯೂಟಕ್ಕೆ ಅಂತ ಸಾಲಿಯ ಮುಂದೆ ತತ್ತಿ ಇಳಿಸುವಾಗ ನಿಂಗರಾಜ ಗಾಡಿಗೆ ಅಡ್ಡ ಬಂದು ನಿಂತ.

"ಆಪಾ, ನನ್ನ ರಸ್ತಾದ ಬಗ್ಗೆ ಏನ ಬರದೀರಿ?"

"ತತ್ತಿ ಹೇಳಿದ್ದು ಬರದೇನ್ರಿ ಮೆಂಬರ್ರ."

"ಸೋಮವಾರ ಉದ್ಘಾಟನಾಕ್ಕ ಎಮ್ಮೆಲ್ಲೆ ಸಾಹೇಬ್ರು ಬರಾಕತ್ತಾರ. ಅವರ ಡ್ರೈವರ್ ಫೋನ್ ನೋಡೇ ಗಾಡಿ ಹೊಡಿತಾನ. ಅದು ಮಣ್ಣಿನ ದಾರಿ ಹಿಡಿಸಿದ್ರ ನನ್ನ ಟೇಪು ಯಾರ್ ಕತ್ತರಸಬೇಕು? 'ಉತ್ತಮ' ಅಂತ ತಿದ್ರಿ. ಇಲ್ಲಾಂದ್ರ ಸಾಲಿಗೆ ಬ್ಯಾರೆಯವರ ತತ್ತಿ ಬರತಾವ."

ಸಾಲಿ ಕಮಿಟಿಯ ಅಧ್ಯಕ್ಷನೂ ಅವನೇ. ಈ ಸಾಲಿ ಹೋದರೆ ಸುರೇಬಾನದ ಕಡೆಗೆ ಗಾಡಿ ತಿರುಗಿಸುವುದೇ ದಂಡ. ಜೈಬುನ್ನಿಸಾ ಒಂದು ತುಂಬಿದ ಟ್ರೇ ಎತ್ತಿ ಅವನ ಕೈಗಿಟ್ಟಳು.

"ತಿದ್ದತೇನಿ. ಇದನ್ನ ಹಿಡಕೊಂಡು ನನ್ನ ಜೋಡಿ ಕುಂತ್ರಿ. ನಿಮ್ಮ ರಸ್ತಾದಾಗ ಒಂದ್ ಸುತ್ತ ಹೋಗಿ ಬರೋಣು. ಒಡೀಲಿಲ್ಲಂದ್ರ ಉತ್ತಮ."

ನಿಂಗರಾಜನ ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ. ಮೊದಲ ತೆಗ್ಗಿಗೆ ಟ್ರೇ ತೊಡೆಯಿಂದ ಎದೆಗೆ ಬಂತು, ಎರಡನೆಯದಕ್ಕೆ ಗದ್ದಕ್ಕೆ. ಅಲ್ಲಿಂದ ಮುಂದೆ ಅವನು ಸೀಟಿನ ಮೇಲೆ ಕೂರಲೇ ಇಲ್ಲ, ಹಸುಗೂಸನ್ನು ಎತ್ತಿದಂತೆ ಟ್ರೇ ಎತ್ತಿ ಹಿಡಿದು ಅರ್ಧ ಎದ್ದು ನಿಂತೇ ಬಂದ. ಸಾಲಿ ಮುಟ್ಟಿದಾಗ ಬೆವರು ಹನಿಯುತ್ತಿತ್ತು, ತತ್ತಿ ಮಾತ್ರ ಮೂವತ್ತೂ ಸಾಬೂತು.

"ನೋಡ್ರಿ ಆಪಾ. ಒಂದಾದರೂ ಒಡದೈತೇನು?"

ಜೈಬುನ್ನಿಸಾ ಹಿಂದೆ ತಿರುಗಿದಳು. ಗಾಡಿಯಲ್ಲಿದ್ದ ಟ್ರೇಗಳಿಂದ ಹಳದಿ ಸೋರುತ್ತಿತ್ತು. ಅವಳು ಫೋನ್ ತೆಗೆದು, ಗುಣದ ಜಾಗದಲ್ಲಿ ಇದ್ದದ್ದನ್ನು ಇದ್ದಂತೆಯೇ ಬಿಟ್ಟು, ಕೆಳಗಿನ ಟಿಪ್ಪಣಿಯಲ್ಲಿ ಬರೆದಳು: 'ಮೆಂಬರ್ ಕೈಯಲ್ಲಿ ಹಿಡಿದರೆ ಉತ್ತಮ. ಗಾಡಿಯಲ್ಲಿಟ್ಟರೆ ಅತಿ ಭಯಂಕರ.'

ನಿಂಗರಾಜ ಬಗ್ಗಿ ನೋಡಿದ, 'ಉತ್ತಮ' ಕಂಡಿತು, ಅಷ್ಟಕ್ಕೇ ಖುಷಿಯಾಗಿ ಬೆವರು ಒರೆಸಿಕೊಳ್ಳುತ್ತ ಹೋದ.

ಆ್ಯಪಿಗೆ ಮೆಂಬರ್ ಅಂದರೆ ಯಾರು ಅಂತ ಗೊತ್ತಿಲ್ಲ, ಅದು ನೋಡುವುದು ಗುಣದ ಜಾಗವನ್ನಷ್ಟೇ. ಸೋಮವಾರ ಅದು ಸಾಹೇಬರ ಕಾರನ್ನು ನೆಟ್ಟಗೆ ಮಣ್ಣಿನ ದಾರಿಯಿಂದ ತಂದು ಸಾಲಿಯ ಹಿಂದೆ ನಿಲ್ಲಿಸಿತು. ಬ್ಯಾಂಜೋದವರು, ಹಾರ, ಟೇಪು, ಎಲ್ಲ ಊರಿನ ಆ ತುದಿಯಲ್ಲಿ. ನಿಂಗರಾಜ ಟೇಪು ಕಟ್ಟಿದ್ದ ಎರಡು ಕಂಬ ಕಿತ್ತು ಹೆಗಲ ಮೇಲೆ ಹೊತ್ತುಕೊಂಡು ಓಡಿ ಬಂದ. ಟೇಪು ಮಣ್ಣಿನ ದಾರಿಗೇ ಅಡ್ಡ ಬಿತ್ತು, ಸಾಹೇಬರು ಕತ್ತರಿಸಿಯೂ ಬಿಟ್ಟರು.

"ಒಂದ ಕಡೆ ಸುದ್ಧಾ ಗಾಡಿ ಜಿಗೀಲಿಲ್ಲ. ಹಿಂಗ ರಸ್ತಾ ಮಾಡಸಬೇಕು ನೋಡ್ರಿ" ಎಂದು ಭಾಷಣ ಮಾಡಿ ಹೊರಟರು.

ಇಲ್ಲಿಗೆ ಸಾಲಿಗೆ ತತ್ತಿ ಹಾಕುವುದು ಮುಗಿಯಿತು ಅಂದುಕೊಂಡು ಜೈಬುನ್ನಿಸಾ ಖಾಲಿ ಟ್ರೇ ಕಟ್ಟುತ್ತಿದ್ದಳು. ನಿಂಗರಾಜ ಕೊರಳಲ್ಲಿ ಹಾರ ಹಾಕಿಕೊಂಡೇ ಬಂದ.

"ನಕ್ಷಾ ಹಂಗ ಇರಲಿ ಆಪಾ, ಮುಟ್ಟಬ್ಯಾಡ್ರಿ. ಮುಂದಿನ ವಾರಾನೂ ತತ್ತಿ ನೀವ ತರ್ರಿ." ದಾರಿಯನ್ನೇ ಅಭಿಮಾನದಿಂದ ನೋಡುತ್ತ ಹೇಳಿದ: "ಸಾಹೇಬ್ರು ಇಷ್ಟು ಮೆಚ್ಯಾರ. ಈ ದಾರಿಗೂ ಡಾಂಬರ್ ಹಾಕಸೇಬಿಡತೇನಿ."

ಜೈಬುನ್ನಿಸಾಳ ಕೈಯಿಂದ ಹಗ್ಗ ಜಾರಿತು.

"ಬ್ಯಾಡ್ರಿ ಮೆಂಬರ್ರ" ಅಂದಳು. "ನಿಮ್ಮ ಕೈ ಮುಗಿತೇನಿ. ಬೇಕಾದ್ರ ಸಾಲೀ ತತ್ತಿ ಬ್ಯಾರೆಯವರಿಗೆ ಕೊಡ್ರಿ."